ಹೋಲ್ಡಾನ್

ವಿನೋಬನಗರದ ಕಲ್ಯಾಣಮಂಟಪ, ಮೇಲಿನ ಊಟದ ಹಾಲ್.
ಮದುವೆಯಿಲ್ಲದ ಸಂಜೆ ಅಲ್ಲಿ ನಮ್ಮ ಕರಾಟೆ.
ನೆಲಕ್ಕೆ ಇನ್ನೂ ನಿನ್ನೆಯ ಸಾರಿನ ವಾಸನೆ.
ಮೂಲೆಯಲ್ಲಿ ಒಂದರ ಮೇಲೊಂದು ಹತ್ತಿ ಕೂತ ಕುರ್ಚಿಗಳು
ನಗುವುದಿಲ್ಲ, ಅಷ್ಟು ಪುಣ್ಯ.

ಮಕ್ಕಳು ಇಪ್ಪತ್ತಮೂರು. ನನಗೆ ನಲವತ್ತೆರಡು.
ಎತ್ತರ ನೋಡಿ ನಿಲ್ಲಿಸಿದರೆ ನಾನೇ ಮೊದಲು,
ಪಟ್ಟಿಯ ಬಣ್ಣ ನೋಡಿದರೆ ಕಟ್ಟಕಡೆಗೆ,
ಮೂಗು ಸೋರುವ ಒಂದನೇ ಕ್ಲಾಸಿನ ಪೂರ್ವಿಕನ ಪಕ್ಕ.

"ಎರಡು ವರ್ಷ ಆಯ್ತಲ್ಲ ನಾಗವೇಣಕ್ಕಾ, ಯಾವ ಬೆಲ್ಟು?"
ಡಿಪೋದಲ್ಲಿ ಎಲ್ಲರೂ ಕೇಳುತ್ತಾರೆ, ಟೈರಿನ ಅಡಿಯಿಂದ ಮೆಕ್ಯಾನಿಕ್ ಕೂಡ.
ಬಿಳಿ ಅನ್ನುತ್ತೇನೆ.
ಒಗೆದೂ ಒಗೆದೂ ಈಗ ಸ್ವಲ್ಪ ಹಳದಿ.

ಗುದ್ದಿನ ತುದಿಗೆ ಹೊಟ್ಟೆಯಿಂದ ಒಂದು ಕೂಗು ಬರಬೇಕಂತೆ.
ಮೊದಲ ಪರೀಕ್ಷೆಯಲ್ಲಿ ಬಾಯಿ ತೆರೆದೆ,
ಹತ್ತೊಂಬತ್ತು ವರ್ಷದ ಸರ್ವೀಸು
"ರೈಟ್!" ಎಂದು ಹೊರಬಿತ್ತು.
ಹುಡುಗರು ನೆಲಕ್ಕುರುಳಿ ನಕ್ಕರು.
ಡಯಾಸ್ ಮಾಸ್ತರು ಮಾತ್ರ ನಗದೆ
ಪಟ್ಟಿಯಲ್ಲಿ ಒಂದು ಸೊನ್ನೆ ಸುತ್ತಿದರು.

ಸೊನ್ನೆಗೆ ನಾನು ಹೆದರುವವಳಲ್ಲ.
ದಿನಕ್ಕೆ ಇನ್ನೂರು ಹೆಂಗಸರಿಗೆ
ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಡುತ್ತೇನೆ.
ಅದನ್ನೇ ಹಿಡಿದು ಅವರು ಕುಂದಾಪುರ ಮುಟ್ಟುತ್ತಾರೆ.

ಎರಡನೇ ಪರೀಕ್ಷೆಯಲ್ಲಿ ಎಡಗೈ ಕೆಡಿಸಿತು.
ಸೊಂಟದಲ್ಲಿರಬೇಕಾದ್ದು ಎದೆಗೆ ಓಡಿ
ದುಡ್ಡಿನ ಬ್ಯಾಗು ಕಾಯತೊಡಗಿತು.
ಬ್ಯಾಗಿರಲಿಲ್ಲ ಅಲ್ಲಿ.

ಒಂದು ದಿನ ನಿಲುವು ನೋಡಲು ಮಾಸ್ತರು ಭುಜಕ್ಕೆ ಜೋರಾಗಿ ನೂಕಿದರು.
ನಾನು ಕದಲಲಿಲ್ಲ.
"ಯಾರು ಕಲಿಸಿದ್ದು ಇದು?"
"ಹುಲಿಕಲ್ ಘಾಟಿ, ಸಾರ್.
ಕಂಬ ಹಿಡಿಯದೆ ಚಿಲ್ಲರೆ ಎಣಿಸಬೇಕಲ್ಲ."
"ಸರಿ. ಅದು ನಿಮ್ಮದು.
ನಾನು ಕಲಿಸಿದ್ದು ಇನ್ನೂ ಬಂದಿಲ್ಲ."

ಮಳೆ ಬಿಟ್ಟ ಮೇಲಿನ ಒಂದು ಬುಧವಾರ. ರಿಪ್ಪನ್‌ಪೇಟೆ ದಾಟಿತ್ತು.
ಎರಡು ರೂಪಾಯಿ ಚಿಲ್ಲರೆಗೆ ಜಗಳ ತೆಗೆದವನೊಬ್ಬ,
ಬಾಯಲ್ಲಿ ಬೆಳಗಿನದೇ ನಾತ,
ನನ್ನ ಮಣಿಕಟ್ಟು ಹಿಡಿದ.
ಮಣಿಕಟ್ಟು ನನ್ನನ್ನು ಕೇಳಲಿಲ್ಲ.
ಸಾವಿರ ಸಲ ತಿರುಗಿದ್ದು ಇನ್ನೊಂದು ಸಲ ತಿರುಗಿತು,
ಅವನ ಬೆರಳು ಬಾಳೆಸಿಪ್ಪೆಯ ಹಾಗೆ ಬಿಟ್ಟುಕೊಂಡವು.
ಬಲಮುಷ್ಟಿ ಆಗಲೇ ಸೊಂಟದಲ್ಲಿ, ಗುಂಡಿ ಒತ್ತಿದರೆ ಸಾಕು.

ಆಗ ಅಲ್ಲೊಂದು ಜಾಗ ಸಿಕ್ಕಿತು.
ತುಂಬಿದ ಬಸ್ಸಿನಲ್ಲಿ ಯಾರೋ ಸರಿದು ಕೊಟ್ಟಂಥ ಅಷ್ಟೇ ಅಷ್ಟು ಜಾಗ.
ಮೊದಲೂ ಇತ್ತೋ ಏನೋ, ನನಗೆ ಕಂಡಿರಲಿಲ್ಲ.
ಮೊದಲಾದರೆ ಕಿರುಚುತ್ತಿದ್ದೆ,
ಇಲ್ಲವೇ ರಾತ್ರಿ ಡಿಪೋದ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.
ಆ ಜಾಗದಲ್ಲಿ ಕೂತು ನೋಡಿದೆ:
ಅವನ ಅಂಗಿಯ ಗುಂಡಿ ಒಂದು ತೂತು ಮೇಲಕ್ಕೆ ತಪ್ಪಿತ್ತು,
ಕಂಕುಳಲ್ಲಿ ಮೆಗ್ಗಾನ್ ಆಸ್ಪತ್ರೆಯ ಎಕ್ಸ್‌ರೇ ಕವರು,
ಅದರ ಮೇಲೆ ಪೆನ್ನಿನಲ್ಲಿ ಒಂದು ಹೆಣ್ಣಿನ ಹೆಸರು, ವಯಸ್ಸು ಒಂಬತ್ತು.

"ಹೋಲ್ಡಾನ್" ಎಂದೆ.

ಹೇಳಿದ್ದು ನನ್ನ ಮುಷ್ಟಿಗೆ.
ಡ್ರೈವರ್ ಬಸವಣ್ಯಪ್ಪ ತನಗೇ ಅಂದುಕೊಂಡು
ಸ್ಟಾಪಿಲ್ಲದ ಕಾಡಿನ ನಡುವೆ ಬ್ರೇಕು ಒತ್ತಿದ.
ಬಸ್ಸಿಗೆ ಬಸ್ಸೇ ಮುಗ್ಗರಿಸಿ ತಿರುಗಿ ನೋಡಿತು.
ಇಳಿಯುವವರು ಯಾರೂ ಇರಲಿಲ್ಲ.
ಅವನು ಮೆಲ್ಲಗೆ ಕೂತ. ಎರಡು ರೂಪಾಯಿ ಕೊಟ್ಟೆ.
ರೈಟ್.

ಮಾಸ್ತರಿಗೆ ಹೇಳಿದೆ. "ಇದಕ್ಕೆ ಎಷ್ಟು ಮಾರ್ಕು ಸಾರ್?"
ನೆಲಕ್ಕೆ ಅಂಟಿದ ಹೋಳಿಗೆಯ ಚೂರೊಂದನ್ನು
ಉಗುರಲ್ಲಿ ಕೆರೆಯುತ್ತ ಕೂತಿದ್ದರು.
"ಸಿಲಬಸ್ಸಿನಲ್ಲಿಲ್ಲ" ಎಂದರು.
ಕೆರೆದು ಮುಗಿದ ಮೇಲೆ, "ಮೊದಲಿಂದ. ಎಡಗೈ ಸೊಂಟಕ್ಕೆ."

ಪೂರ್ವಿಕ ಹಳದಿಯಾಗಿ ಮುಂದಿನ ಸಾಲಿಗೆ ಹೋಗಿದ್ದಾನೆ.
ನಾನು ಅಲ್ಲೇ, ಕುರ್ಚಿಗಳ ಪಕ್ಕ.
ಒಂದು. ಎರಡು. ತಿರುಗು.
ಎಡಗೈ ಹಳೆಯ ಬ್ಯಾಗಿನ ಕಡೆ ಹೊರಟಿತು, ಅರ್ಧ ದಾರಿ ಹೋಯಿತು,
ಏನೋ ನೆನಪಾದವರ ಹಾಗೆ
ಅಲ್ಲೇ ಇಳಿದುಕೊಂಡಿತು.